ಮಂಚ ಕೂರಿಸಿದ ದಿನ ನಾನು ಕೆಳಗಿದ್ದೆ

ಜೂನ್ 4, ಮಂಗಳವಾರ. ಮಧ್ಯಾಹ್ನ 2.10

ಹನ್ನೆರಡರಿಂದ ಮೂರರ ಒಳಗೆ ಎಂದಿದ್ದರು. ಇನ್ನೂ ಸುಳಿವಿಲ್ಲ. ಅರ್ಧ ದಿನದ ರಜೆ ಹಾಳು. ಬಚ್ಚಲಿಗೆ ಹೋಗಲೂ ಭಯ — ಹೋದ ಗಳಿಗೆಗೇ ಬೆಲ್ ಆಗುತ್ತದೆ, 'ಮನೆಯಲ್ಲಿ ಯಾರೂ ಇಲ್ಲ' ಎಂದು ಚೀಟಿ ಅಂಟಿಸಿ ಹೊರಟುಹೋಗುತ್ತಾರೆ. ಹೋದ ವಾರ ಹಾಗೇ ಆಯಿತು. ಒಬ್ಬಳೇ ಇರುವವಳು ಹೊಟ್ಟೆಯನ್ನೂ ಟೈಮ್‌ಟೇಬಲ್‌ಗೆ ಒಗ್ಗಿಸಿಕೊಳ್ಳಬೇಕು.

ಬಾಗಿಲ ಹೊರಗೆ ಗಂಡಸರ ಶೂ ಇಟ್ಟಾಯಿತು. ಹತ್ತನೇ ಸೈಜು. ಕನ್ನಡಕದ ಅಂಗಡಿಯಲ್ಲಿ ಜೊತೆಗೆ ಕೆಲಸ ಮಾಡುವವರು ಹೇಳಿಕೊಟ್ಟ ಉಪಾಯ. ಅಪರಿಚಿತರು ಒಳಗೆ ಬರುವಾಗ ಮನೆಯಲ್ಲಿ ಗಂಡಸಿದ್ದಾನೆ ಅನ್ನಿಸಬೇಕಂತೆ.

3.40

ಬಂದರು. ಬೀರು, ಎರಡು ಬಾಕ್ಸ್. ಇಬ್ಬರೂ ನಡುವಯಸ್ಸಿನವರು. ಮಾತಾಡುವವನ ಹೆಸರು ಹಾಶಿಮ್. ನಾನು ಒಳಕೋಣೆಯ ಕಡೆ ತಿರುಗಿ ಜೋರಾಗಿ, "ಬೂನ್ ಲಿಯಾಕ್, ಡೆಲಿವರಿಯವ್ರು ಬಂದ್ರು ನೋಡೋ!" ಎಂದೆ. ಒಳಗೆ ಯಾರಿದ್ದಾರೆ, ಮಣ್ಣು.

ಹಾಶಿಮ್ ಬಾಕ್ಸ್ ಇಳಿಸಿ ಬೆವರು ಒರೆಸಿಕೊಂಡ. ಶೂ ಕಡೆ ನೋಡಿದ. "ಅಕ್ಕಾ, ಒಳಗಿರೋ ಅಣ್ಣನಿಗೆ ಹೇಳಿ, ಶೂ ಅಡಿಯಲ್ಲಿ ಬೆಲೆ ಸ್ಟಿಕರ್ ಇನ್ನೂ ಹಾಗೇ ಇದೆ. ಕಿತ್ತು ಎರಡು ದಿನ ಮಣ್ಣಲ್ಲಿ ಓಡಾಡ್ಸಿ."

ನಾಚಿಕೆಯಿಂದ ಸತ್ತೆ. ಆಮೇಲೆ ನಗುವೂ ಬಂತು. ತಣ್ಣಗೆ ಬಾರ್ಲಿ ನೀರು ಕೊಟ್ಟೆ.

ನಿಜವಾದ ಬೂನ್ ಲಿಯಾಕ್, ನನ್ನ ತಮ್ಮ, ಇಲ್ಲಿಗೆ ನಾಲ್ಕೇ ಬಸ್ ಸ್ಟಾಪ್ ದೂರದಲ್ಲಿದ್ದಾನೆ. ಈ ಹೊಸ ಮನೆಯ ಬೀಗದ ಕೈ ಸಿಕ್ಕಿ ಆರು ವಾರವಾಯಿತು, ಒಂದು ಸಲ ಬಂದು ಇಣುಕಿಲ್ಲ. ಅವನ ಹೆಂಡತಿ ಟಿಂಗ್ ಈ ಜನ್ಮದಲ್ಲಿ ಡೆಲಿವರಿಗೆ ಕಾದವಳಲ್ಲ. ಬೆಳಗಾದರೆ ಫೋನಿನಲ್ಲಿ ಅದು ಇದು ತರಿಸುತ್ತಾಳೆ, ಆಫೀಸಿಗೆ ಹೋಗುತ್ತಾಳೆ, ಸಂಜೆ ಬರುವ ಹೊತ್ತಿಗೆ ಎಲ್ಲ ಮೇಜಿನ ಮೇಲಿರುತ್ತದೆ. ಅವಳಿಗೆ ಬಾಗಿಲು ತೆಗೆಯಲು ಜನ ಇದೆ.

ನನ್ನ ಅಮ್ಮ ಇದ್ದಾಳೆ.

ಜೂನ್ 9, ಭಾನುವಾರ

ತಮ್ಮನ ಮನೆಯಲ್ಲಿ ಊಟ. ಹಬೆಯಲ್ಲಿ ಬೇಯಿಸಿದ ಮೀನು, ಹುಳಿ ಪ್ಲಮ್ ಹಾಕಿದ್ದು. ಅಮ್ಮ ಚಾಪ್‌ಸ್ಟಿಕ್‌ನಲ್ಲಿ ಮೀನಿನ ಕೆನ್ನೆಯ ಮಾಂಸ ಬಿಡಿಸಿ ಟಿಂಗ್‌ಳ ಬಟ್ಟಲಿಗೆ ಹಾಕಿದಳು. ಇಡೀ ಮೀನಿನಲ್ಲಿ ಆ ಮೆದು ಭಾಗ ಎಷ್ಟಿರುತ್ತದೆ? ಎರಡು ಕೆನ್ನೆ. ಇನ್ನೊಂದು ಮೊಮ್ಮಗನಿಗೆ ಹೋಯಿತು. ನನಗೆ ಬಾಲದ ಕಡೆಯದು. ಮೂವತ್ತೊಂಬತ್ತು ವರ್ಷದ ಹೆಂಗಸು ಮೀನಿನ ಕೆನ್ನೆಗೆ ಹೊಟ್ಟೆಕಿಚ್ಚು ಪಡುತ್ತಾಳೆ ಎಂದು ಬೇರೆ ಯಾರಿಗೂ ಹೇಳಲಾರೆ. ಇಲ್ಲಿ ಬರೆದುಕೊಳ್ಳಬಹುದು.

ಆದರೂ ಧೈರ್ಯ ಮಾಡಿ ಕೇಳಿಯೇ ಬಿಟ್ಟೆ. "ಅಮ್ಮಾ, ನನ್ನ ಮನೆಗೆ ಬಂದಿರು. ರೂಮ್ ನಿಂಗೆ. ನಾನು ಹಾಲ್‌ನಲ್ಲಿ ಸೋಫಾ ಮೇಲೆ ಮಲಗ್ತೀನಿ."

ಅಮ್ಮ ಇಲ್ಲಿ ಮಲಗುವುದು ಮಕ್ಕಳ ಮಂಚದ ಅಡಿಯಿಂದ ಎಳೆಯುವ ಹಲಗೆಯ ಮೇಲೆ, ನೆಲಕ್ಕೆ ಒಂದು ಗೇಣು ಎತ್ತರ. ಬೆಳಿಗ್ಗೆ ಏಳುವಾಗ ಮಂಡಿ ಹಿಡಿದು ನರಳುತ್ತಾಳೆ. ಯಾರೂ ಅದರ ಮಾತೆತ್ತುವುದಿಲ್ಲ.

ಅಮ್ಮ ಉತ್ತರ ಕೊಡುವ ಮೊದಲು ಟಿಂಗ್ ಮುಖ ನೋಡಿದಳು. ಆ ನೋಟ! ನಾನು ಕೇಳಿದ್ದು, ಆದರೆ ಅಪ್ಪಣೆ ಅವಳದು.

"ಏನಂತೀಯೇ ಟಿಂಗ್?"

"ನಿಮ್ಮಿಷ್ಟ ಅಮ್ಮ. ಮಂಡಿಗೆ ಎತ್ತರದ ಮಂಚಾನೇ ಒಳ್ಳೇದು."

"ಮಕ್ಕಳು?"

"ರಜೆಗೆ ಬರ್ತಾರಲ್ಲ ಅಲ್ಲಿಗೆ. ಅಕ್ಕ ಸ್ವಂತ ಮನೆಗೆ ಅಂತ ಇಷ್ಟು ದಿನ ಕಾದಿದ್ದು ಮತ್ಯಾಕೆ?"

ಎಷ್ಟು ಸಲೀಸಾಗಿ ಕೊಟ್ಟುಬಿಟ್ಟಳು! ತನ್ನ ಗಂಟಿನಿಂದ ತೆಗೆದು ಕೊಟ್ಟಂತೆ. ನನ್ನ ಅಮ್ಮನನ್ನು ನನಗೆ. ಕೋಪ ಬಂತು, ಖುಷಿಯೂ ಆಯಿತು, ಎರಡನ್ನೂ ಅನ್ನದ ಜೊತೆ ನುಂಗಿದೆ.

"ಪಂಚಾಂಗ ನೋಡಿ ದಿನ ಹೇಳ್ತೀನಿ," ಎಂದಳು ಅಮ್ಮ. "ಸುಮ್ನೆ ಹೋಗಿ ಮಲಗಕ್ಕಾಗುತ್ತಾ?"

ಜೂನ್ 12, ಬುಧವಾರ

ಮಂಚ ಬಂತು. ಮೂರು ಬಾಕ್ಸ್‌ನಲ್ಲಿ ಎರಡು ಬಂತು. ತಲೆಯ ಕಡೆಯ ಹಲಗೆ, ಅಡ್ಡಪಟ್ಟಿಗಳು ಇವೆ. ಪಕ್ಕದ ಉದ್ದ ಹಲಗೆ ಮತ್ತು ಸ್ಕ್ರೂಗಳು ಇರುವ ಬಾಕ್ಸ್ ಇಲ್ಲ.

"ಮೂರನೇದು ಬೇರೆ ಗೋಡೌನಲ್ಲಿದೆ ಮೇಡಂ," ಎಂದಳು ಅಂಗಡಿಯ ಹುಡುಗಿ ಫೋನಿನಲ್ಲಿ. "ಜೋಡಿಸೋರು ಬೇಕಾದ್ರೆ ಇಪ್ಪತ್ತೇಳನೇ ತಾರೀಕಿಗೆ ಸ್ಲಾಟ್ ಇದೆ."

ಇಪ್ಪತ್ತೇಳಕ್ಕೆ ಯಾರಿಗೆ ಬೇಕು? ಅಮ್ಮ ಬೆಳಿಗ್ಗೆಯೇ ದಿನ ತಿಳಿಸಿದ್ದಾಳೆ. ಇಪ್ಪತ್ತೆರಡು, ಶನಿವಾರ, ಒಂಬತ್ತರಿಂದ ಹನ್ನೊಂದು. ನಾನೇ ಜೋಡಿಸುತ್ತೇನೆ. ದಿನಕ್ಕೆ ಮೂವತ್ತು ಕನ್ನಡಕದ ಸ್ಕ್ರೂ ಬಿಗಿಯುವ ಕೈ ಇದು. ಸಾಸಿವೆ ಕಾಳಿನಷ್ಟು ಸ್ಕ್ರೂ ನನ್ನ ಮಾತು ಕೇಳುತ್ತದೆ, ಬೆರಳುದ್ದದ್ದು ಕೇಳದೇ ಇರುತ್ತದೆಯೇ?

ಹಾಶಿಮ್ ಸಹಿಗೆ ಫೋನ್ ಚಾಚಿದ. ನಾನು ಮೊದಲು ಬಾಕ್ಸಿನ ನಾಲ್ಕೂ ಮೂಲೆ ಫೋಟೋ ತೆಗೆದು, 'ಒಂದು ಬಾಕ್ಸ್ ಬಂದಿಲ್ಲ' ಎಂದು ಬರೆದೇ ಸಹಿ ಮಾಡಿದೆ. "ಕಲಿತುಬಿಟ್ರಿ ಅಕ್ಕ," ಎಂದ. "ಗಂಡ ಇರೋರು ಯಾರೂ ಇಷ್ಟು ನೋಡಲ್ಲ."

ಮಂಚದ ಅಳತೆಯ ಹೆಸರು 'ಸೂಪರ್ ಸಿಂಗಲ್'. ಅಂಗಡಿಯವನು ನನ್ನ ಮುಖ ನೋಡಿಯೇ ಹೇಳಿದಂತೆ ಕೇಳಿಸಿತ್ತು.

ಜೂನ್ 15, ಶನಿವಾರ. ಸಂಜೆ

ಮೂರನೇ ಬಾಕ್ಸ್ ಹತ್ತಕ್ಕೆ ಬಂತು. ಹತ್ತೂವರೆಗೆ ಶುರು ಮಾಡಿದೆ. ಈಗ ಐದು.

ಒಬ್ಬಳೇ ಮಂಚ ಜೋಡಿಸುವುದು ಹೇಗೆ ಎಂದು ಕಾಗದದಲ್ಲಿಲ್ಲ. ಅದರ ಚಿತ್ರದಲ್ಲಿ ಯಾವಾಗಲೂ ಇಬ್ಬರು, ನಗುತ್ತಾ. ಒಬ್ಬ ಒಂದು ತುದಿ ಹಿಡಿದಿರುತ್ತಾನೆ. ನನ್ನ ಇನ್ನೊಂದು ತುದಿ ಹಿಡಿದದ್ದು ಅಕ್ಕಿಯ ಚೀಲ, ಅದರ ಮೇಲೆ ಬಿಸ್ಕತ್ತಿನ ಡಬ್ಬ, ಅದರ ಮೇಲೆ ಎರಡು ಟವೆಲ್ ಮಡಿಚಿ. ಸರಿಯಾಗಿ ಎತ್ತರ ಸಿಕ್ಕಿತು. ನನಗೇ ಶಭಾಷ್ ಎಂದುಕೊಂಡೆ. ಎಂಟು ಸ್ಕ್ರೂ ಬಿಗಿದ ಮೇಲೆ ನೋಡಿದರೆ ಪಕ್ಕದ ಹಲಗೆಯ ತೂತುಗಳು ಹೊರಗೆ ಮುಖ ಮಾಡಿವೆ. ಎಡದ್ದು ಬಲಕ್ಕೆ ಹೋಗಿದೆ. ಎಂಟೂ ಬಿಚ್ಚಿದೆ. ಕೂತು ಅತ್ತೆ, ಎರಡೇ ನಿಮಿಷ.

ತಮ್ಮನಿಗೆ ಫೋನ್ ಮಾಡಿದೆ. ಎತ್ತಿದ್ದು ಟಿಂಗ್. "ಅವ್ರು ಮಕ್ಕಳನ್ನ ಈಜೋಕೆ ಕರ್ಕೊಂಡು ಹೋಗಿದ್ದಾರೆ ಅಕ್ಕ. ನಾನು ಬರ್ಲಾ? ಹಲಗೆ ಹಿಡ್ಕೊಳ್ತೀನಿ."

"ಬೇಡ, ಆಗೇಹೋಯ್ತು," ಎಂದೆ. ಮಂಚದ ಎಲುಬುಗಳೆಲ್ಲ ನೆಲದ ಮೇಲಿದ್ದವು.

ಈಗ ನಿಂತಿದೆ. ಅಲುಗಾಡಿಸಿ ನೋಡಿದೆ, ಕಿರ್ ಅನ್ನುವುದಿಲ್ಲ. ಕೋಣೆಯ ನಡುವೆ ಓರೆಯಾಗಿ ಬಿಟ್ಟಿದ್ದೇನೆ, ಹಾಸಿಗೆ ಪ್ಲಾಸ್ಟಿಕ್ ಸಮೇತ ಗೋಡೆಗೆ ಒರಗಿದೆ. ನಮ್ಮ ಚೀನಿಯರಲ್ಲಿ ಹಾಗೇ. ಮಂಚ ಎಷ್ಟು ಬೇಗ ಬಂದರೂ ಸರಿ, ಗಳಿಗೆ ಬರುವ ತನಕ ಜಾಗಕ್ಕೆ ತಳ್ಳುವಂತಿಲ್ಲ, ಮೈ ಚಾಚುವಂತಿಲ್ಲ. ಆ ದಿನ ಆ ಹೊತ್ತಿಗೆ ಗೋಡೆಗೆ ತಳ್ಳಿ ಹಾಸಿಗೆ ಹಾಕಿದರೇ ಮಂಚ 'ಕೂತಿತು' ಎಂದು ಲೆಕ್ಕ. ಶನಿವಾರ ಒಂದೇ ನೂಕು. ಅಮ್ಮನ ಕಣ್ಣೆದುರು ನಾನು ನೂಕುತ್ತೇನೆ. "ಒಬ್ಳೇ ಮಾಡಿದ್ಯಾ?" ಎಂದು ಅವಳು ಕೇಳಬೇಕು.

ಜೂನ್ 16, ಭಾನುವಾರ

ಕೇಳಲಿಲ್ಲ. ಇನ್ನು ಕೇಳುವುದೂ ಇಲ್ಲ.

ಅಮ್ಮನ ಫೋನ್. "ಹಿಯಾಂಗ್, ಒಂದು ಮಾತು. ಆ ದಿನ ನಿನ್ನ ಹಾಗೆ ಎತ್ತಿನ ವರ್ಷದಲ್ಲಿ ಹುಟ್ಟಿದೋರಿಗೆ ಆಗ್ಬರಲ್ಲ. ಮಂಚ ಕೂರ್ಸೋವಾಗ ನೀನು ಮನೇಲಿರ್ಬೇಡ."

"ನನ್ನ ಮನೆ ಅಮ್ಮ ಅದು."

"ಎರಡು ಗಂಟೆ ತಾನೇ. ಕೆಳಗೆ ಕೂತು ಕಾಫಿ ಕುಡಿ."

"ಮತ್ತೆ ಕೂರ್ಸೋದು ಯಾರು? ನೀನಾ?"

"ಗಂಡ ಸತ್ತೋರು ಮುಟ್ತಾರೇನೇ? ಟಿಂಗ್ ಇದ್ದಾಳಲ್ಲ. ಗಂಡ ಗಟ್ಟಿಯಾಗಿದ್ದಾನೆ, ಗಂಡೊಂದು ಹೆಣ್ಣೊಂದಿದೆ. ಅಂಥೋರ ಕೈ ಆಗ್ಬೇಕು."

"ಈ ದಿನ ಆರ್ಸಿದ್ದು ಯಾರು?"

"ನಾನೇ. ಟಿಂಗ್ ಓದಿ ಹೇಳಿದ್ಲು. ನನಗೆ ಸಣ್ಣಕ್ಷರ ಕಾಣಲ್ವಲ್ಲ."

ಕಾಣುವುದಿಲ್ಲವಂತೆ! ಎರಡು ವರ್ಷದ ಹಿಂದೆ ನನ್ನ ಕೈಯಾರೆ ಗಾಜು ಉಜ್ಜಿ ಮಾಡಿಕೊಟ್ಟ ಕನ್ನಡಕ ಎಲ್ಲಿ ಹೋಯಿತು? ಮಗಳ ಕನ್ನಡಕ ಬೇಡ, ಸೊಸೆಯ ಕಣ್ಣು ಬೇಕು.

ಇಡೀ ದಿನ ಅದೇ ಯೋಚನೆ. ತಿಂಗಳಿಗೆ ಏಳೆಂಟು ಒಳ್ಳೆಯ ದಿನ ಇರುತ್ತದೆ. ಅದರಲ್ಲಿ ಎತ್ತಿಗೆ ಆಗದ ದಿನವೇ ಯಾಕೆ ಸಿಕ್ಕಿತು? ಅವಳೇ ಬೇಕೆಂದು ಅದನ್ನೇ ಮೊದಲು ಓದಿರಬೇಕು. ಹೌದು, ಹಾಗೇ. ಅಕ್ಕಿ ಚೀಲ ಎತ್ತಿದ್ದು ಎತ್ತು, ಹಲಗೆ ಹೊತ್ತಿದ್ದು ಎತ್ತು, ಕೊನೆಗೆ ಆರತಿ ಇನ್ನೊಬ್ಬಳ ಕೈಗೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ಮಗಳಿಗೆ?

ಜೂನ್ 21, ಶುಕ್ರವಾರ. ಸಂಜೆ 7

ಮಾಡಬಾರದ್ದು ಮಾಡಿದೆ.

ಕೆಲಸದಿಂದ ಬಂದೆ, ಕಾಲು ತೊಳೆದೆ, ಕೋಣೆಗೆ ಹೋಗಿ ಮಂಚವನ್ನು ಗೋಡೆಗೆ ತಳ್ಳಿದೆ. ಒಂದೇ ನೂಕು, ಅಂದುಕೊಂಡ ಹಾಗೇ. ಹಾಸಿಗೆ ಬೀಳಿಸಿದೆ. ಕಾಲ ಕಡೆಯ ಪ್ಲಾಸ್ಟಿಕ್ ಹರಿಯಿತು — ಹರಿದೆ. ಮೇಲೆ ಮಲಗಿದೆ. ತಲೆ ಆ ಕಡೆ, ಅಮ್ಮನ ತಲೆ ಬರುವ ಕಡೆ.

ಅಪಶಕುನ ಎಂದು ಗೊತ್ತು. ಮಲಗುವವರಿಗೆ ಆರೋಗ್ಯ ಕೆಡುತ್ತದೆ ಎನ್ನುತ್ತಾರೆ. ನಂಬುವುದಿಲ್ಲ ಎನ್ನಲು ನನಗೂ ಧೈರ್ಯವಿಲ್ಲ. ಆದರೂ ಟಿಂಗ್‌ಗಿಂತ ಮೊದಲು ನಾನು. ಅದೊಂದೇ ತಲೆಯಲ್ಲಿತ್ತು. ಅರ್ಧ ಗಂಟೆ ಕಣ್ಣು ಮುಚ್ಚಿ ಬಿದ್ದುಕೊಂಡೆ, ಎಷ್ಟೋ ದಿನದ ಮೇಲೆ ಮೈ ಹಗುರ ಅನ್ನಿಸಿತು. ಎದ್ದ ಮೇಲೆ ಹೆದರಿಕೆ ಶುರು. ಹಾಸಿಗೆಯನ್ನು ಮತ್ತೆ ಗೋಡೆಗೆ ಒರಗಿಸಿದೆ. ಮಂಚ ಹಿಂದಕ್ಕೆ ಎಳೆದೆ, ಒಂದು ಗೇಣಷ್ಟೇ ಬಂತು. ನೆಲದ ಮೇಲೆ ನಾಲ್ಕು ಗೆರೆ ಬಿದ್ದಿವೆ.

ಜೂನ್ 22, ಶನಿವಾರ

ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಬಂದರು. ಟಿಂಗ್ ಕೆಂಪು ಬ್ಲೌಸ್ ಹಾಕಿದ್ದಳು, ಕೈಯಲ್ಲಿ ಅನಾನಸು. ಬೂನ್ ಲಿಯಾಕ್ ಅಮ್ಮನ ಬ್ಯಾಗ್ ಹೊತ್ತಿದ್ದ. ಅವರ ಮಗಳು ಝಿ ಯು ಅಕ್ಕಿಯ ಪೊಟ್ಟಣ ಹಿಡಿದಿದ್ದಳು. ನಾನು ಬೀಗದ ಕೈ ಕೊಟ್ಟು ಲಿಫ್ಟ್ ಇಳಿದೆ.

ಬ್ಲಾಕಿನ ಕೆಳಗಿನ ಕಲ್ಲುಬೆಂಚಿನಲ್ಲಿ ಎರಡು ಗಂಟೆ. ಮುದುಕರು ಚೆಸ್ ಆಡುತ್ತಿದ್ದರು. ಒಬ್ಬ ಕೇಳಿದ, "ಬೀಗ ಮರ್ತುಬಿಟ್ಯೇನಮ್ಮಾ?" ಹೌದು ಅಂಕಲ್, ಎಂದೆ. ಏನೆಂದು ಹೇಳಲಿ?

ಈಗ ಅದೃಷ್ಟ ಒಳಗೆ ಉರುಳಿ ಬರಲೆಂದು ಬಾಗಿಲಲ್ಲಿ ಅನಾನಸು ಉರುಳಿಸಿರುತ್ತಾರೆ. ಈಗ ಅಕ್ಕಿ ಉಪ್ಪು ಎರಚಿರುತ್ತಾರೆ. ಈಗ ಅವಳು ಮಂಚಕ್ಕೆ ಕೈ ಹಾಕಿರುತ್ತಾಳೆ. ನಾನು ಬಿಗಿದ ನಲವತ್ತನಾಲ್ಕು ಸ್ಕ್ರೂ ಮೇಲೆ ಅವಳ ಕೈ. ಗೆರೆ ನೋಡಿರುತ್ತಾಳೆ, ಹರಿದದ್ದು ನೋಡಿರುತ್ತಾಳೆ, ಅಮ್ಮನಿಗೆ ತೋರಿಸಿರುತ್ತಾಳೆ. ಅಮ್ಮ ಬ್ಯಾಗ್ ಎತ್ತಿಕೊಂಡು ವಾಪಸು ಹೊರಟಿರುತ್ತಾಳೆ.

ಹನ್ನೊಂದು ಹೊಡೆದು ಐದು ನಿಮಿಷಕ್ಕೆ ಟಿಂಗ್ ಫೋನ್. "ಎಲ್ಲ ಆಯ್ತು. ಮೇಲೆ ಬನ್ನಿ ಅಕ್ಕ."

ನನ್ನ ಮನೆಗೆ ನನ್ನನ್ನು ಬನ್ನಿ ಎಂದು ಕರೆದಳು.

ಅಮ್ಮ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಮುಖ ಅರಳಿತ್ತು. "ನೋಡು, ಪಾದ ನೆಲಕ್ಕೆ ಸರಿಯಾಗಿ ಸಿಗುತ್ತೆ." ಆಮೇಲೆ, "ಟಿಂಗ್ ಕೈಗುಣ," ಎಂದಳು.

ಜೂನ್ 30, ಭಾನುವಾರ

ಒಂದು ವಾರ ಬರೆಯಲಿಲ್ಲ. ಬರೆಯುವಂಥ ಕಹಿ ಇರಲಿಲ್ಲ. ಅಮ್ಮ ಬೆಳಿಗ್ಗೆ ಗಂಜಿ ಮಾಡುತ್ತಾಳೆ, ಉಪ್ಪಿನ ಮೊಟ್ಟೆ ಹೆಚ್ಚುತ್ತಾಳೆ. ಸಂಜೆ ಬಂದರೆ ದೀಪ ಹಾಕಿರುತ್ತಾಳೆ. ಬುಧವಾರ ಫ್ಯಾನ್ ಡೆಲಿವರಿ ಬಂತು, ನಾನು ಅಂಗಡಿಯಲ್ಲಿದ್ದೆ, ಅಮ್ಮ ಬಾಗಿಲು ತೆಗೆದಳು. ಹಾಶಿಮ್‌ಗೆ ಚಹಾನೂ ಕೊಟ್ಟಳಂತೆ. ಆ ದಿನ ರಾಣಿಯಂತೆ ನಡೆದುಕೊಂಡು ಬಂದೆ.

ಇವತ್ತು ಝಿ ಯು ಇಲ್ಲಿದ್ದಳು. ಎಂಟು ವರ್ಷದ ಬಾಯಿ, ಮುಚ್ಚಳ ಇಲ್ಲ.

"ಅತ್ತೆ, ಹಾಸಿಗೆ ಪ್ಲಾಸ್ಟಿಕ್ ಹರಿದಿದ್ದು ನೀವಾ?"

"ಯಾಕೆ ಪುಟ್ಟಿ?"

"ಅಮ್ಮ ತಾನೇ ಹರಿದೆ ಅಂತ ಅಜ್ಜಿಗೆ ಸುಳ್ಳು ಹೇಳಿದ್ಲು. ಉಗುರು ತಾಗ್ತು ಅಂತ. ಅಜ್ಜಿ ಎಷ್ಟು ಬೈದ್ರು ಗೊತ್ತಾ? ನಾವು ಬಂದಾಗ್ಲೇ ಹರಿದಿತ್ತು. ಮಂಚಾನ ಅಮ್ಮ ದೂರ ಎಳೆದು ಆಮೇಲೆ ತಳ್ಳಿದ್ಲು. ನೆಲದ ಗೆರೆ ಮೇಲೆ ಮ್ಯಾಟ್ ಹಾಕಿದ್ಲು. ಯಾರಿಗೂ ಹೇಳ್ಬೇಡ ಅಂದ್ಲು."

"ಮತ್ತೆ ನನಗ್ಯಾಕೆ ಹೇಳಿದೆ?"

"ನೀವು ಯಾರೂ ಅಲ್ವಲ್ಲ, ಅತ್ತೆ ತಾನೇ."

ಅಂದರೆ ಅವಳಿಗೆ ಎಲ್ಲ ತಿಳಿಯಿತು. ತಿಳಿದೂ ಮುಚ್ಚಿದಳು, ಬೈಗುಳವನ್ನೂ ತಾನೇ ತಿಂದಳು. ಕೃತಜ್ಞತೆ ಬರಬೇಕಿತ್ತು. ಬಂದದ್ದು ಬೇರೆ. ಮೀನಿನ ಕೆನ್ನೆ ಅವಳದು, ಕೈಗುಣ ಅವಳದು, ಈಗ ಒಳ್ಳೆಯತನವೂ ಅವಳದೇ. ನನಗೆ ಅಂತ ಏನು ಬಿಟ್ಟಳು? ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟು ಆರಾಮಿತ್ತು!

ಜುಲೈ 7, ಭಾನುವಾರ. ಬೆಳಿಗ್ಗೆ

ಅಮ್ಮ ಸ್ನಾನಕ್ಕೆ ಹೋಗಿದ್ದಳು. ಬಚ್ಚಲಿಂದ ಕೂಗಿದಳು. "ಟಿಂಗ್! ಟವೆಲ್ ಕೊಡೇ!"

ಮೊನ್ನೆಯೂ ಒಮ್ಮೆ ಹೀಗೆ. ನಿನ್ನೆ ಅಡಿಗೆಮನೆಯಲ್ಲೂ. ಒಂಬತ್ತು ವರ್ಷದ ಅಭ್ಯಾಸ, ನಾಲಿಗೆ ತಾನಾಗಿ ಆ ಕಡೆ ಹೊರಳುತ್ತದೆ, ಗೊತ್ತು. ಆದರೂ ಇವತ್ತು ಕಾಲು ಏಳಲಿಲ್ಲ. ಈ ಮನೆಯಲ್ಲಿ ಟಿಂಗ್ ಎಂಬವರು ಯಾರೂ ಇಲ್ಲ. ಟವೆಲ್ ನನ್ನ ಪಕ್ಕದ ಕುರ್ಚಿಯ ಮೇಲೇ ಇತ್ತು.

"ಟಿಂಗ್!" ಎರಡನೇ ಸಲ. ಮೂರನೇ ಸಲ. ಆಮೇಲೆ ನಿಂತಿತು.

ತುಂಬ ಹೊತ್ತಾದ ಮೇಲೆ ಹೊರಗೆ ಬಂದಳು. ಬಿಚ್ಚಿಟ್ಟ ಬಟ್ಟೆಯನ್ನೇ ಒದ್ದೆ ಮೈಮೇಲೆ ಹಾಕಿಕೊಂಡಿದ್ದಳು. ಕೂದಲಿಂದ ನೀರು. ನಾಲ್ಕು ಹೆಜ್ಜೆ ದೂರದಲ್ಲಿ ಕೂತಿದ್ದ ನನ್ನನ್ನು ನೋಡಿದಳು, ಕುರ್ಚಿಯ ಮೇಲಿನ ಟವೆಲ್ ನೋಡಿದಳು.

"ಮನೇಲೇ ಇದ್ದೀಯಾ?"

"ಕೇಳಿಸ್ಲಿಲ್ಲ ಅಮ್ಮ."

ಫ್ರಿಜ್ ಉಸಿರಾಡುವುದೂ ಕೇಳಿಸುವ ಮನೆ ಇದು.

ಜುಲೈ 10, ಬುಧವಾರ

ಅಮ್ಮನಿಗೆ ಜ್ವರ, ಕೆಮ್ಮು. ರಜೆ ಹಾಕಿದೆ. ಕ್ಲಿನಿಕ್‌ನಲ್ಲಿ ಮೂರು ಗಂಟೆ. ವಯಸ್ಸಾದವರು, ಎದೆಯ ಬಗ್ಗೆ ಹುಷಾರು ಎಂದರು ಡಾಕ್ಟರು.

ಅವಳಿಗಿಂತ ಮೊದಲು ಆ ಮಂಚದ ಮೇಲೆ ಮಲಗಿದ ಅರ್ಧ ಗಂಟೆ ನೆನಪಾಯಿತು. ಆದರೆ ಇದಕ್ಕೆ ಪಂಚಾಂಗ ಬೇಕಿಲ್ಲ. ಟವೆಲ್ ಕೊಡದವಳು ನಾನು.

ಸಂಜೆ ಟಿಂಗ್ ಮೀನಿನ ಗಂಜಿ ತಂದಳು. ಹಣೆ ಮುಟ್ಟಿ ನೋಡಿದಳು. "ಹೇಗಾಯ್ತು ಅಮ್ಮ ಇದು?"

ನಾನು ಬಾಗಿಲಲ್ಲಿ ನಿಂತಿದ್ದೆ.

"ಹೊಸ ಫ್ಯಾನ್ ನೋಡು, ಗಾಳಿ ಜಾಸ್ತಿ," ಎಂದಳು ಅಮ್ಮ. ನನ್ನ ಕಡೆ ನೋಡಲೇ ಇಲ್ಲ.

ಹೊರಡುವಾಗ ಟಿಂಗ್ ಮೆಲ್ಲಗೆ ಹೇಳಿದಳು. "ಅಕ್ಕ, ನಿಮಗೆ ರಜೆ ಸಿಗಲ್ಲ. ಹುಷಾರಾಗೋವರೆಗೆ ಅಮ್ಮನ್ನ ನಮ್ಮನೆಗೆ ಕರ್ಕೊಂಡ್ಹೋಗ್ಲಾ? ಭಾನುವಾರ ಕಾರು ತರ್ತೀವಿ."

ಕೇಳಿದ ರೀತಿಯಲ್ಲಿ ಒಂದು ಗುಲಗಂಜಿಯಷ್ಟೂ ಅಹಂಕಾರವಿಲ್ಲ. ಅದೇ ಕಷ್ಟ.

"ಅಮ್ಮನ್ನೇ ಕೇಳು," ಎಂದೆ.

ಅಮ್ಮ ಕಣ್ಣು ಮುಚ್ಚಿಕೊಂಡೇ, "ಭಾನುವಾರಕ್ಕೆ ಇನ್ನೂ ದಿನ ಇದೆ," ಎಂದಳು.

ಜುಲೈ 13, ಶನಿವಾರ

ಜ್ವರ ಇಳಿದಿದೆ. ಅಮ್ಮ ಏನೂ ಹೇಳಿಲ್ಲ. ನಾನೂ ಕೇಳಿಲ್ಲ. ಹೋಗುತ್ತಾಳೆ. ಹೋಗದೇ ಏನು? ಒದ್ದೆ ಮೈಯಲ್ಲಿ ನಿಲ್ಲಿಸಿದ ಮನೆಯಲ್ಲಿ ಯಾರಿರುತ್ತಾರೆ? ಹೋಗಿ ಅವಳಿಗೇ ಬಾಗಿಲು ತೆಗೆಯಲಿ.

ಅಮ್ಮ ಮಲಗಿದ್ದಾಗ ಬ್ಯಾಗ್ ನಾನೇ ತುಂಬಿದೆ. ಬ್ಲೌಸುಗಳು, ಮಂಡಿಯ ಎಣ್ಣೆ, ಮಾತ್ರೆ, ಪಂಚಾಂಗ. ಜಿಪ್ ಎಳೆದು ಬಾಗಿಲ ಬಳಿ ಇಟ್ಟೆ. ಅಳಲಿಲ್ಲ. ಬಟ್ಟೆ ಮಡಿಚುವಾಗ ಒಂದು ಬ್ಲೌಸನ್ನು ಮೂಸಿ ನೋಡಿದೆ, ಅಷ್ಟೇ.

ಅಮ್ಮ ಎದ್ದು ಬಂದವಳು ಬ್ಯಾಗ್ ನೋಡಿದಳು. ನನ್ನನ್ನು ನೋಡಿದಳು. "ಗಂಜಿಗೆ ಶುಂಠಿ ಹಾಕಿದ್ಯಾ?" ಎಂದಳು.

ಜುಲೈ 14, ಭಾನುವಾರ. ಬೆಳಿಗ್ಗೆ 9.20

ಎದ್ದು ನೋಡಿದರೆ ಬಾಗಿಲ ಬಳಿ ಬ್ಯಾಗ್ ಇಲ್ಲ.

ಕೋಣೆಗೆ ಹೋದೆ. ಬ್ಯಾಗ್ ಖಾಲಿ, ಚಪ್ಪಟೆಯಾಗಿ ಮಡಿಚಿ ಮಂಚದ ಅಡಿಗೆ ಸೇರಿದೆ. ಬ್ಲೌಸುಗಳು ಬೀರುವಿನಲ್ಲಿ. ಎಣ್ಣೆ, ಮಾತ್ರೆ ತಲೆಯ ಕಡೆಯ ಹಲಗೆಯ ಮೇಲೆ. ನಾನು ಸೋಫಾ ಮೇಲೆ ಗೊರಕೆ ಹೊಡೆಯುವಾಗ ಒಂದೊಂದಾಗಿ ತೆಗೆದಿಟ್ಟಿರಬೇಕು, ಆ ಮಂಡಿ ಇಟ್ಟುಕೊಂಡು. ಕಾರು ಹನ್ನೊಂದಕ್ಕೆ ಬರುತ್ತದೆ. ಟಿಂಗ್‌ಗೆ ಏನು ಹೇಳುತ್ತೀಯ ಎಂದು ಕೇಳಿದೆ. "ಬಂದೋರು ಊಟ ಮಾಡ್ಕೊಂಡು ಹೋಗ್ತಾರೆ. ಮೀನು ತಾ," ಎಂದು ಬಚ್ಚಲಿಗೆ ಹೋದಳು.

ಇರುತ್ತಾಳೆ. ನನ್ನ ಜೊತೆ ಇರುತ್ತಾಳೆ.

ನೀರು ನಿಂತಿತು.

ಕೂಗಿದಳು. "ಟಿಂಗ್! ಟವೆಲ್!"

ಉರಿಯಿತು. ಇಲ್ಲ ಎಂದರೆ ಸುಳ್ಳು. ಇವತ್ತೂ ಉರಿಯಿತು. ಉರಿಯಲಿ, ಅಮ್ಮ ಚಳಿಯಲ್ಲಿ ನಿಂತಿದ್ದಾಳೆ. ಎರಡನೇ ಸಲ ಕೂಗಿಸಬಾರದು, ಆ ಹೆಸರಿಗೆ ನಾನೇ ಓಗೊಡುತ್ತೇನೆ. ಬಂದೆ ಅಮ್ಮ, ಟಿಂಗ್ ಬಂ—